ಒಡೆದ ಗಾಜು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಾನು ನೆಲೆಸಿದ್ದಾಗ, ಬೀದಿಯಲ್ಲಿ ನಿಲ್ಲಿಸಿದ ನನ್ನ ಕಾರಿಗೆ ಒಂದೇ ಚಳಿಗಾಲದಲ್ಲಿ ಮೂರು ಬಾರಿ ಹಾನಿಯಾಯಿತು. ಮೊದಲು ಪಕ್ಕದ ಕನ್ನಡಿ ಮುರಿಯಿತು. ಅನಂತರ ಬಾಗಿಲಿನ ಮೇಲೆ ಗೀರು ಬಿದ್ದಿತು. ಕೊನೆಗೆ ಕಿಟಕಿಯ ಗಾಜೇ ಒಡೆಯಿತು. ಪರರ ಸ್ವತ್ತನ್ನು ಕೆಡಿಸುವುದು ಅಲ್ಲಿ 1971ರ ಕಾಯಿದೆಯಂತೆ ಅಪರಾಧ. ತುರ್ತಲ್ಲದ ದೂರುಗಳಿಗಾಗಿ ಇರುವ ಪೊಲೀಸರ 101 ಸಂಖ್ಯೆಗೆ ಪ್ರತಿ ಸಲವೂ ತಿಳಿಸಿದೆನು. ದೂರಿನ ಸಂಖ್ಯೆ ದೊರೆಯಿತು, ಅಪರಾಧಿ ದೊರೆಯಲಿಲ್ಲ. ಗಾಜನ್ನು ಹಣ ತೆತ್ತು ಕೂಡಿಸಬಹುದು. ಎದುರಾದವರನ್ನೆಲ್ಲ ಶಂಕಿಸತೊಡಗಿದ ಮನಸ್ಸನ್ನು ಕೂಡಿಸುವುದೆಂತು? ಮೂರನೆಯ ಸಲ ಎದುರುಮನೆಯ ವೃದ್ಧೆಯೊಬ್ಬರು ಪೊರಕೆ ಹಿಡಿದು ಬಂದು, ನನ್ನೊಡನೆ ಗಾಜಿನ ಚೂರುಗಳನ್ನು ಗುಡಿಸಿದರು. ಅಂದಿನಿಂದ ಅವರ ಬಾಗಿಲ ದೀಪವು ಇರುಳೆಲ್ಲ ಉರಿಯಿತು. ಒಡೆದವರು ಯಾರೆಂದು ನಾನರಿಯೆ, ಗುಡಿಸಿದವರನ್ನು ಬಲ್ಲೆ. ಅವರಿದ್ದುದರಿಂದ ಆ ಬೀದಿಯನ್ನು ನಾನು ತೊರೆಯಲಿಲ್ಲ.