ಮಾತಿದೆ, ಮುಖವಿಲ್ಲ

ನಮ್ಮ ಟಿವಿಗೆ ಈಗ ಧ್ವನಿಯಷ್ಟೇ ಉಳಿದಿದೆ. ವಾರ್ತೆಯವರು ಕತ್ತಲಲ್ಲಿ ಕೂತು ದೇಶದ ಸ್ಥಿತಿ ಹೇಳುತ್ತಾರೆ. ಧಾರಾವಾಹಿಯ ಅತ್ತೆ ಕತ್ತಲಲ್ಲೇ ಸೊಸೆಯನ್ನು ಮೂದಲಿಸುತ್ತಾಳೆ. ಅಮ್ಮನಿಗೆ ಇದೊಂದು ಕೊರತೆಯೇ ಅಲ್ಲ. "ಅವರ ಮುಖ ನೋಡಿ ಏನಾಗ್ಬೇಕು, ಕೇಳಿಸಿದ್ರೆ ಸಾಕು" ಎನ್ನುತ್ತ ಸೊಪ್ಪು ಬಿಡಿಸುತ್ತಾರೆ. ಕ್ರಿಕೆಟ್ಟನ್ನು ಕಿವಿಯಲ್ಲಿ ನೋಡಬೇಕಾಗಿ ಬಂದ ಮಗನದು ಮಾತ್ರ ಒಂದೇ ಪಟ್ಟು: "ಅಪ್ಪಾ, ಹೊಸದು ತಗೊಂಡ್ಬಿಡೋಣ." ಹೆಂಡತಿ ಏನೂ ಹೇಳಲಿಲ್ಲ, ಎಕ್ಸ್‌ಚೇಂಜ್ ಆಫರಿನ ಜಾಹೀರಾತು ಮೇಲೆ ಬರುವ ಹಾಗೆ ಪೇಪರ್ ಮಡಿಸಿ ನನ್ನ ಕಾಫಿ ಲೋಟದ ಪಕ್ಕ ಇಟ್ಟಳು.

ಟಿವಿ ಕೆಟ್ಟರೆ ಮನೆಮಂದಿಯೆಲ್ಲ ವೈದ್ಯರಾಗುವುದು ಹೊಸತಲ್ಲ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಮರುವರ್ಷ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ದೇಶದ ಟಿವಿಗೆ ಬಣ್ಣ ಬಂತು. 1987ರಲ್ಲಿ 'ರಾಮಾಯಣ' ಬರುವ ಹೊತ್ತಿಗೆ ಬೀದಿಗೊಂದು ಟಿವಿ, ಟಿವಿಗೊಬ್ಬ ಪಂಡಿತ. ಮಾಳಿಗೆಯ ಮೇಲೊಬ್ಬ ಆಂಟೆನಾ ತಿರುಗಿಸಬೇಕು, ಕಿಟಕಿಯಲ್ಲೊಬ್ಬ "ಬಂತು... ಹೋಯ್ತು... ಅಲ್ಲೇ ಇರು" ಎಂದು ಕೂಗಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಟಿವಿಯ ತಲೆಗೊಂದು ಗುದ್ದು. ಆ ಗುದ್ದಿನಲ್ಲಿ ವಿಜ್ಞಾನವೂ ಇತ್ತು: ಕಾದು ತಣಿದು ಬೋರ್ಡಿನ ಬೆಸುಗೆ ಬಿರುಕು ಬಿಟ್ಟಿದ್ದರೆ, ಅದುರಿದಾಗ ಮತ್ತೆ ಕೂಡಿಕೊಳ್ಳುತ್ತಿತ್ತು. ಆದರೆ ಹಿಂದಿನ ಮುಚ್ಚಳ ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ. ಬಣ್ಣದ ಪಿಕ್ಚರ್ ಟ್ಯೂಬಿನೊಳಗೆ 20,000 ವೋಲ್ಟಿಗೂ ಮಿಕ್ಕ ವಿದ್ಯುತ್ತು. ಪ್ಲಗ್ ಕಿತ್ತ ಮೇಲೂ ಅದು ಉಳಿದಿರುತ್ತಿತ್ತು. ಮೆಕ್ಯಾನಿಕ್ ಅದನ್ನು ಅರ್ಥ್ ಮಾಡಿ, 'ಚಟ್' ಎಂದ ಮೇಲೆಯೇ ಕೈ ಹಾಕುತ್ತಿದ್ದ.

ಈಗಿನ ಟಿವಿ ಗೋಡೆಗೆ ಅಂಟಿಕೊಂಡಿದೆ. ಗುದ್ದೋಣವೆಂದರೆ ತಲೆಯೇ ಇಲ್ಲ. ಆದರೆ ನಮ್ಮದರಂಥ ಕಾಯಿಲೆ ಗುರುತಿಸುವುದು ಸುಲಭ. ರಾತ್ರಿ ದೀಪ ಆರಿಸಿ, ಟಿವಿ ಹಾಕಿ, ಪರದೆಗೆ ಓರೆಯಾಗಿ ಟಾರ್ಚ್ ಹಿಡಿದೆ. ಬೆಳಕು ಬಿದ್ದಷ್ಟು ಜಾಗದಲ್ಲಿ ವಾರ್ತೆ ಓದುವಾಕೆಯ ಕಣ್ಣು, ಮೂಗು, ಕೊರಳ ಸರ ಮಸುಕಾಗಿ ಕಂಡವು. ಅಂದರೆ ಚಿತ್ರ ಸತ್ತಿಲ್ಲ, ಬೆಳಕು ಸತ್ತಿದೆ. ಎಲ್‌ಸಿಡಿ ಪ್ಯಾನೆಲ್ಲಿಗೆ ಸ್ವಂತ ಬೆಳಕಿಲ್ಲ. ಹಿಂದಿರುವ ಎಲ್‌ಇಡಿ ಪಟ್ಟಿಗಳು ಉರಿದರಷ್ಟೇ ಅದಕ್ಕೆ ಮುಖ. ದೀಪಾವಳಿಯ ಸೀರಿಯಲ್ ಸೆಟ್ಟಿನಂತೆ ಇಲ್ಲೂ ಒಂದು ಮಣಿ ಹೋದರೆ ಸಾಲೇ ಆರುತ್ತದೆ.

ಬಂದ ಮೆಕ್ಯಾನಿಕ್ಕೂ ಅದನ್ನೇ ಹೇಳಿದ. "ಪಟ್ಟಿ ಎಲ್ಲಾ ಒಟ್ಟಿಗೇ ಬದಲಾಯಿಸೋಣ ಸಾರ್. ಒಂದೇ ಹಾಕಿದ್ರೆ ನಾಳೆ ಪಕ್ಕದ್ದು ಹೋಗತ್ತೆ." ಪಟ್ಟಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದಂತೆ. ಅಪಾಯವಿರುವುದು ಪಟ್ಟಿಯಲ್ಲಲ್ಲ, ಅದನ್ನು ಮುಟ್ಟಲು ಮೊದಲು ಎತ್ತಿಡಬೇಕಾದ ಪ್ಯಾನೆಲ್ಲಿನಲ್ಲಿ. ಆ ತೆಳು ಗಾಜು ಬಿರುಕು ಬಿಟ್ಟರೆ ಕಥೆ ಮುಗಿಯಿತು; ಹೊಸ ಪ್ಯಾನೆಲ್ಲಿನ ಬೆಲೆಗೆ ಹೊಸ ಟಿವಿಯೇ ಬರುತ್ತದೆ. ಕಂಪನಿಯ ಸರ್ವೀಸಿನವರನ್ನು ಕೇಳಿದರೆ "ಆ ಮಾಡೆಲ್ ನಿಂತುಹೋಗಿದೆ ಸರ್" ಎಂಬ ಸಂತಾಪ ಸೂಚಕ ಉತ್ತರ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಆದರೆ ಹಕ್ಕು ಪೋರ್ಟಲ್ಲಿನಲ್ಲಿದ್ದರೂ ಸ್ಕ್ರೂಡ್ರೈವರ್ ಇರುವುದು ಬೀದಿಯ ಮೆಕ್ಯಾನಿಕ್ಕಿನ ಕೈಯಲ್ಲೇ.

ಅವನು ಹೇಳಿದ ಮೊತ್ತ ಹೊಸ ಟಿವಿಯ ಬೆಲೆಯ ಮುಂದೆ ಚಿಲ್ಲರೆ. ಹೊಸತರ ಪರ ವಾದಿಸಲು ಮಗನ ಹತ್ತಿರ ನಿಮಿಷಕ್ಕೊಂದು ಕಾರಣ: ಚಿತ್ರ ಇನ್ನೂ ಚೆಂದ, ಪರದೆ ಇನ್ನೂ ಅಗಲ, ಮಾತಾಡಿದರೆ ಚಾನೆಲ್ ಬದಲಾಗುತ್ತದೆ. ಮಾತಾಡಿದರೆ ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಲಿ ಎಂಬುದು ನಿಜವಾಗಿ ಬಲವಾದ ಕಾರಣವೇ. ಆದರೂ ರಿಪೇರಿಗೇ ಒಪ್ಪಿದೆ. ಕೆಟ್ಟಿರುವುದು ಕೆಲವು ಪಟ್ಟಿ. ಅದಕ್ಕಾಗಿ ಚೆನ್ನಾಗಿರುವ ಪ್ಯಾನೆಲ್, ಬೋರ್ಡು, ಸ್ಪೀಕರುಗಳನ್ನೆಲ್ಲ ಗುಜರಿಗೆ ಹಾಕುವುದು ಉಳಿತಾಯವೂ ಅಲ್ಲ, ನ್ಯಾಯವೂ ಅಲ್ಲ.

ನಿಮ್ಮ ಮನೆಯಲ್ಲೂ ಟಿವಿ ಮುಖ ಮರೆಸಿದರೆ ಅಂಗಡಿಗೆ ಹೋಗುವ ಮೊದಲು ಟಾರ್ಚ್ ಹಿಡಿದು ನೋಡಿ. ಚಿತ್ರ ಮಸುಕಾಗಿ ಕಂಡರೆ ಮೆಕ್ಯಾನಿಕ್ಕನ್ನು ಕರೆಯಿರಿ. ಎಷ್ಟಾಗುತ್ತದೆ ಎನ್ನುವ ಮುಂಚೆ ಯಾವುದು ಹೋಗಿದೆ ಎಂದು ಕೇಳಿ. ಸರಿಯಾದ ಮೇಲೆ ಬ್ಯಾಕ್‌ಲೈಟ್ ಸ್ವಲ್ಪ ತಗ್ಗಿಸಿಡಿ, ಪಟ್ಟಿಗಳು ಹೆಚ್ಚು ಕಾಲ ಬಾಳುತ್ತವೆ. ಪ್ಯಾನೆಲ್ಲೇ ಒಡೆದಿದ್ದರೆ ಮೋಹ ಬಿಟ್ಟು, ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಟ್ಟುಬಿಡಿ.