ಕಾಣದ ಡಬ್ಬಿಗೆ ಕೊಟ್ಟ ದುಡ್ಡು (ಭಾಗ 4)

ನಮ್ಮ ತೊಗರ್ಸಿ ಕಡೆ ಕರೆಂಟಿನ ಕಥೆ ನಿಮಗೂ ಗೊತ್ತಿರುತ್ತೆ. ಬೇಸಿಗೇಲಿ ಸುತ್ತಲಿನ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಶುರುವಾದ್ರೆ ಬಲ್ಬು ಮಂಕು. ಮಳೆಗಾಲದಲ್ಲಿ ಹೋಗೋದು, ಬರೋದು. ಇಂಥ ಊರಲ್ಲಿ ಕಂಪ್ಯೂಟರ್ ಜೋಡಿಸೋರು ಮೊದಲು ನೋಡಬೇಕಾದ್ದು ಪವರ್ ಸಪ್ಲೈ.

ನಾನು ಉಲ್ಟಾ ಮಾಡಿದ್ದೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ತಗೊಂಡು, ಕ್ಯಾಬಿನೆಟ್ ಜೊತೆ ಬಂದ ಅಗ್ಗದ ಎಸ್‌ಎಂಪಿಎಸ್‌ನೇ ಹಾಕಿದೆ. ಒಂದು ಸಂಜೆ ಕರೆಂಟು ಹೋಗಿ ಬಂತು, ಟಪ್ ಅಂತು. ಹಾರ್ಡ್ ಡಿಸ್ಕೂ ಹೋಯ್ತು. ಅಜ್ಜಿಯ ಕೊನೇ ವಿಡಿಯೋ ಅದರಲ್ಲೇ ಇತ್ತು. ಅಮ್ಮ ಈಗಲೂ ಕೇಳ್ತಾರೆ, "ರಿಪೇರಿ ಆಯ್ತಾ?"

ಈ ಸಲ ಲೆಕ್ಕ ಹಾಕಿದೆ. ಪ್ರೊಸೆಸರ್ ಜೋರಾಗಿ ಓಡಿದಾಗ 90 ವ್ಯಾಟ್, ಕಾರ್ಡ್ 115, ಉಳಿದದ್ದು 45. ಒಟ್ಟು 250. ಹಾಗಾಗಿ 550 ವ್ಯಾಟಿನದು ತಗೊಂಡೆ. 80 ಪ್ಲಸ್ ಬ್ರಾಂಝ್ ಅಂದ್ರೆ ಅರ್ಧ ಲೋಡಿನಲ್ಲಿ ಕನಿಷ್ಠ 85% ದಕ್ಷತೆ; ಉಳಿದದ್ದು ಬರೀ ಶಾಖ. ಲೇಬಲ್ ಮೇಲೆ 100–240 ವೋಲ್ಟ್ ಅಂತ ಇದೆಯಾ ನೋಡಿ, ವೋಲ್ಟೇಜ್ ಇಳಿದ್ರೂ ತಡ್ಕೊಳ್ಳುತ್ತೆ.

ಕೂಲಿಂಗ್‌ಗೆ ಲಿಕ್ವಿಡ್ ಬೇಕಿಲ್ಲ. ಪ್ರೊಸೆಸರ್ ಜೊತೆ ಬಂದ ಫ್ಯಾನೇ ಸಾಕು. ಮುಂದಿನ ಫ್ಯಾನ್ ಗಾಳಿ ಎಳೀಬೇಕು, ಹಿಂದಿನದು ಹೊರಗೆ ತಳ್ಳಬೇಕು. ಗೋಡೆಗೆ ಒತ್ತಿ ಇಡಬೇಡಿ. ಮುಂದಿನ ಜಾಲರಿಯ ಧೂಳನ್ನ ತಿಂಗಳಿಗೊಮ್ಮೆ ಬ್ರಷ್‌ನಿಂದ ತೆಗೀರಿ.

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಸಾಮಾನ್ಯವಾಗಿ ಅದು ಅರ್ಥಿಂಗ್ ಸರಿಯಿಲ್ಲ ಅನ್ನೋ ಗುರುತು. ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಿ.

ಹೊಸ ಸಪ್ಲೈ ಚೆನ್ನಾಗೇ ಓಡ್ತಿದೆ. ಅಮ್ಮನ ಪ್ರಶ್ನೆಗೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ. ನೀವು ಇವತ್ತೇ ಫೋಟೋ, ವಿಡಿಯೋಗಳನ್ನ ಇನ್ನೊಂದು ಕಡೆ ಕಾಪಿ ಮಾಡಿಡಿ.

ನಿಮ್ಮೂರಲ್ಲಿ ವೋಲ್ಟೇಜ್ ಹೇಗಿದೆ? ಮುಂದಿನ ಭಾಗದಲ್ಲಿ ಯುಪಿಎಸ್.