ಮುಚ್ಚಳ ಬಿಗಿಯುವ ಹೊತ್ತು

ಧನುರ್ಮಾಸದ ಚಳಿ ಇಳಿಯುವ ಹೊತ್ತಿಗೆ ನಮ್ಮ ಕಾಸರಗೋಡು ಸೀಮೆಯ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಭರಣಿ ಕೆಳಗಿಳಿಯುತ್ತದೆ. ನೆಲ್ಲಿಕಾಯಿಯ ಕಾಲವದು. ತೊಳೆದು, ನೀರಿನ ಪಸೆ ಉಳಿಯದಂತೆ ಆರಿಸಿದ ನೆಲ್ಲಿಕಾಯಿ ಒಂದು ಪದರ, ಅದರ ಮೇಲೆ ಜಜ್ಜಿದ ಬೆಲ್ಲ ಒಂದು ಪದರ, ನಡುನಡುವೆ ಏಲಕ್ಕಿ, ಲವಂಗ, ಚಕ್ಕೆ. ಹೀಗೆ ಭರಣಿಯ ಮುಕ್ಕಾಲು ಪಾಲು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, 41 ದಿನ ಕತ್ತಲ ಮೂಲೆಯಲ್ಲಿ ಇರಿಸಿದರೆ ಅರಿಷ್ಟ ಸಿದ್ಧವಾಗುತ್ತದೆ. ಇದನ್ನರಿಯದ ಗೃಹಿಣಿಯರು ನಮ್ಮ ವಾಚಕರಲ್ಲಿ ವಿರಳ. ಆದುದರಿಂದ ನಾವಿಲ್ಲಿ ಬರೆಯಹೊರಟಿರುವುದು ಅರಿಷ್ಟ ಹಾಕುವ ಕ್ರಮವನ್ನಲ್ಲ, ಹಾಕಿದ್ದನ್ನು ಕುಪ್ಪಿಗೆ ತುಂಬುವ ಕಾಲವನ್ನು. ಆ ಕಾಲವನ್ನು ತಪ್ಪಿದುದರ ಗುರುತು ನಮ್ಮ ಮಗಳ ಎಡಹುಬ್ಬಿನ ಮೇಲೆ ಇಂದಿಗೂ ಇದೆ.

2003ನೆಯ ಇಸವಿ. ಆಗ ನಾವು ವಿಜ್ಞಾನ ಕಲಿಸುವ ಸಹಾಯಕ ಅಧ್ಯಾಪಕರು. ಮುಂಬಯಿಯಿಂದ ಬಂದಿದ್ದ ತಂಗಿ ಹೊರಡುವಾಗ ತನಗೆ ಎರಡು ಕುಪ್ಪಿ ಅರಿಷ್ಟ ಬೇಕೆಂದಳು. ಭರಣಿಗೆ ಇನ್ನೂ 27 ದಿನ. “ನಲವತ್ತೊಂದಾಗದೆ ಬಿಚ್ಚಬಾರದು ಮಗಾ” ಎಂದರು ಅಮ್ಮ. ನಾವು ಬಟ್ಟೆ ಸರಿಸಿ ನೋಡಿದೆವು. ಗುಳ್ಳೆ ಏಳುವುದು ನಿಂತಂತೆ ಕಂಡಿತು. “ನಲವತ್ತೊಂದು ಎನ್ನುವುದು ಮಂಡಲದ ಲೆಕ್ಕ ಅಮ್ಮಾ, ವಿಜ್ಞಾನದ ಲೆಕ್ಕವಲ್ಲ” ಎಂದೆವು. ಶಿಕ್ಷಕ ತರಬೇತಿ ಮುಗಿಸಿದವರಿಗೆ ಅಷ್ಟು ಜಂಭ ಸಹಜವೆಂದು ಆಗ ಅನಿಸಿತ್ತು. ಸೋಸಿದ ರಸವನ್ನು ಎರಡು ಹಳೆಯ ಶರಬತ್ತಿನ ಕುಪ್ಪಿಗಳಿಗೆ ತುಂಬಿ, ರೈಲಿನಲ್ಲಿ ಚೆಲ್ಲದಿರಲೆಂದು ಮುಚ್ಚಳವನ್ನು ಬಲವಾಗಿ ಬಿಗಿದೆವು.

ದೈವವಶಾತ್ ತಂಗಿಯ ಪ್ರಯಾಣ ಒಂದು ವಾರ ಮುಂದಕ್ಕೆ ಹೋಯಿತು. ನಾಲ್ಕನೆಯ ದಿನ ಮಧ್ಯಾಹ್ನ, ಚಾವಡಿಯ ಗೂಡಿನಲ್ಲಿಟ್ಟಿದ್ದ ಒಂದು ಕುಪ್ಪಿ ಗರ್ನಾಲು ಒಡೆದಂತೆ ಸಿಡಿಯಿತು. ಕೆಳಗೆ ಆರು ವರ್ಷದ ಮಗಳು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಗಾಜಿನ ಚೂರು ಹುಬ್ಬನ್ನು ಸೀಳಿತ್ತು. ಕಣ್ಣಿಗೂ ಗಾಯಕ್ಕೂ ನಡುವೆ ಒಂದು ಬೆರಳಿನ ಅಂತರ.

ಮಗುವನ್ನೆತ್ತಿಕೊಂಡು ಅಂಗಳಕ್ಕೆ ಓಡಿದ ನಮಗೆ ಎರಡನೆಯ ಕುಪ್ಪಿಯ ನೆನಪಾಗಲಿಲ್ಲ. ಅಮ್ಮನಿಗಾಯಿತು. ಅವರು ಎಲ್ಲರನ್ನೂ ಹೊರಗೆ ಕಳುಹಿಸಿ, ಗೋಣಿಚೀಲವನ್ನು ತಣ್ಣೀರಿನಲ್ಲಿ ಅದ್ದಿ, ಮುಖವನ್ನು ಆಚೆ ತಿರುಗಿಸಿಕೊಂಡು ಅದನ್ನು ಕುಪ್ಪಿಯ ಮೇಲೆ ಹೊದಿಸಿದರಂತೆ. ತಣಿದ ಮೇಲೆ, ಗೋಣಿ ತೆಗೆಯದೆಯೇ, ಮುಚ್ಚಳವನ್ನು ಎಳ್ಳಷ್ಟೆಳ್ಳಷ್ಟೇ ಸಡಿಲಿಸಿದರಂತೆ. ನಾವು ಮರಳಿದಾಗ ಆ ಕುಪ್ಪಿ ಬಾಯಿ ತೆರೆದು ನಿಂತಿತ್ತು. ಅಮ್ಮ ನಮ್ಮನ್ನು ಬೈಯಲಿಲ್ಲ. “ಕುಪ್ಪಿ ಹೋದರೆ ಇನ್ನೊಂದು ತರಬಹುದು. ಕಣ್ಣು ತರಲಾದೀತೇ?” ಎಂದಷ್ಟೇ ಅಂದು ಒಳಗೆ ಹೋದರು.

ಆದರೆ ಅಂದು ನಾವು ಇನ್ನೊಂದು ತಪ್ಪನ್ನೂ ಮಾಡಿದೆವು. ಹುದುಗಿದ ರಸ ಸಿಡಿಯಿತೆಂದರೆ, ಮೇಷ್ಟರ ಮನೆಯಲ್ಲಿ ಕಳ್ಳು ಕಾಯಿಸುತ್ತಾರೆಂದು ಊರಲ್ಲಿ ಸುದ್ದಿಯಾದೀತೆಂಬ ಭಯ. ಎರಡು ಹೊಲಿಗೆ ಹಾಕಿದ ವೈದ್ಯರಿಗೆ, ಗಾಜಿನ ಲೋಟದ ಮೇಲೆ ಮಗು ಬಿದ್ದಳೆಂದು ಹೇಳಿದೆವು. ಮಗಳು ನಮ್ಮ ಮುಖವನ್ನೇ ನೋಡುತ್ತಿದ್ದಳು. ಮಾರನೆಯ ವಾರ ಶಾಲೆಯಲ್ಲಿ ಕೇಳಿದವರಿಗೆಲ್ಲ ಅವಳೂ ಅದನ್ನೇ ಹೇಳಿದಳು, ಒಂದಕ್ಷರ ತಪ್ಪದೆ. ನಾವು ಕಲಿಸಿದ ಪಾಠಗಳಲ್ಲಿ ಅಷ್ಟು ಬೇಗ ಕಂಠಪಾಠವಾದುದು ಬೇರೊಂದಿಲ್ಲ.

ನಮ್ಮ ತಪ್ಪಿನ ಕಾರಣವನ್ನು ಸರಿಯಾಗಿ ತಿಳಿಸಿಕೊಟ್ಟವರು ಹಲವು ವರ್ಷಗಳ ಬಳಿಕ ಇಂಗ್ಲೆಂಡಿನಿಂದ ರಜೆಯಲ್ಲಿ ಬಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು. ಆ ದೇಶದಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಪರವಾನಗಿ ಬೇಕೆಂಬ ನಿಯಮ 1963ರಲ್ಲೇ ಹೋಯಿತು. ನಮ್ಮ ರಾಜ್ಯದ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ, ನಮಗೆ ಅದರ ಆಸೆಯೂ ಇಲ್ಲ. ಆದರೆ ಅವರ ನೆರೆಮನೆಯ ಮುದುಕರು ಕುಪ್ಪಿ ತುಂಬುವ ಮುನ್ನ ಪಾಲಿಸುವ ಶಿಸ್ತನ್ನು ಕೇಳಿದಾಗ ನಮಗೆ ನಾಚಿಕೆಯಾಯಿತು.

ಗುಳ್ಳೆ ನಿಂತಿತೆಂದು ಆ ಮುದುಕರು ನಂಬುವುದಿಲ್ಲವಂತೆ. ಚಳಿ ಬಿದ್ದರೂ ಗುಳ್ಳೆ ನಿಲ್ಲುತ್ತದೆ, ಸೆಕೆಯಾದರೆ ಮತ್ತೆ ಏಳುತ್ತದೆ. ಅವರು ಹೈಡ್ರೋಮೀಟರನ್ನು ರಸದಲ್ಲಿ ತೇಲಬಿಡುತ್ತಾರೆ. ಹಾಲಿನ ಸೊಸೈಟಿಯಲ್ಲಿ ಕಾಣುವ ಲ್ಯಾಕ್ಟೋಮೀಟರು ಇದರದೇ ಜಾತಿಯದು. ಸಕ್ಕರೆ ಕರಗಿದ ನೀರು ಭಾರ. ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿದಂತೆ ರಸ ಹಗುರವಾಗಿ ನಳಿಗೆ ಕೆಳಗಿಳಿಯುತ್ತದೆ. ಮೊದಲು 1.050 ಇದ್ದುದು ಸುಮಾರು 1.010ಕ್ಕೆ ಬಂದು, ಎರಡು ಮೂರು ದಿನ ಅಲ್ಲೇ ನಿಂತರೆ ಮಾತ್ರ ಕೆಲಸ ಮುಗಿಯಿತೆಂದು ಅರ್ಥ. ಆಮೇಲೆ ತಳದ ಗಸಿ ಕದಡದಂತೆ ಕೊಳವೆಯಿಂದ ರಸವನ್ನು ಬೇರ್ಪಡಿಸಿ, ಲೀಟರಿಗೆ 5ರಿಂದ 7 ಗ್ರಾಮಿನಷ್ಟು ಸಕ್ಕರೆಯನ್ನು ತೂಗಿ, ನೀರಿನಲ್ಲಿ ಕುದಿಸಿ ಬೆರೆಸುತ್ತಾರೆ. ದಪ್ಪ ಗಾಜಿನ ಕುಪ್ಪಿಯಲ್ಲಿ ಒಂದಂಗುಲ ಜಾಗ ಬಿಟ್ಟು ತುಂಬಿ, ಮುಚ್ಚಳ ಒತ್ತಿ, ಎರಡು ವಾರ ಬೆಚ್ಚನೆಯ ಕತ್ತಲಲ್ಲಿ ಇಡುತ್ತಾರೆ. ಬಿಯರಿಗೆ ನೊರೆ ಬೇಕಾದುದರಿಂದ ಅಷ್ಟು ಸಕ್ಕರೆಯನ್ನು ತಿಳಿದೇ ಸೇರಿಸುವುದು. ತೂಕ ತಪ್ಪಿದರೆ ಅವರ ಕುಪ್ಪಿಯೂ ಸಿಡಿಯುತ್ತದೆ.

ಹುದುಗು ಬರಿಯ ಕೊಳೆತವಲ್ಲ, ಜೀವಿಗಳ ಕೆಲಸವೆಂದು ತೋರಿಸಿದ ಲೂಯಿ ಪಾಶ್ಚರ್ 1876ರಲ್ಲಿ ಬಿಯರನ್ನು ಕುರಿತೇ ಒಂದು ಗ್ರಂಥ ಪ್ರಕಟಿಸಿದರು. ಇದನ್ನು ನಾವು ಮಕ್ಕಳಿಗೆ ಹೇಳುತ್ತಲೇ ಇದ್ದೆವು. ಲೆಕ್ಕ ಮಾತ್ರ ಮಾಡಿರಲಿಲ್ಲ. 4 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 2 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಬಿಡುಗಡೆಯಾದರೆ ಅದು ಸುಮಾರು ಒಂದು ಲೀಟರ್ ಜಾಗ ತುಂಬುವ ಅನಿಲ. ಭರಣಿಗೆ ನೆಲ್ಲಿಕಾಯಿಯ ಸಮತೂಕ ಬೆಲ್ಲ ಸುರಿದಿದ್ದ ನಾವು, ಇನ್ನೂ ಸಿಹಿಯಾಗಿದ್ದ ರಸವನ್ನು ತೆಳುಗಾಜಿನ ಕುಪ್ಪಿಯಲ್ಲಿ ಬಂಧಿಸಿದ್ದೆವು. ಒಳಗಿನದಕ್ಕೆ ಹೊರಬರಲು ಬೇರೆ ದಾರಿಯೇ ಇರಲಿಲ್ಲ.

ಈಗ ನಮ್ಮ ಮನೆಯಲ್ಲಿ ನಡೆಯುವ ಕ್ರಮವಿದು. 41 ದಿನಕ್ಕೆ ಮುನ್ನ ಭರಣಿ ಬಿಚ್ಚುವುದಿಲ್ಲ. ಅಮ್ಮನ ಲೆಕ್ಕ ಅದು, ಕಾಯುವುದನ್ನು ಕಲಿಸುವ ಲೆಕ್ಕ. ಆಮೇಲೆ ಹಿಂಡದೆ ಸೋಸಿ, ಗಸಿ ಇಳಿಯಲು ಬಿಟ್ಟು, ಮೂರು ದಿನ ಒಂದೇ ಹೊತ್ತಿಗೆ ಹೈಡ್ರೋಮೀಟರ್ ನೋಡುತ್ತೇವೆ. ಅಂಕೆ ಕದಲದಿದ್ದರೂ ಆತುರವಿಲ್ಲ. ಬೆಲ್ಲದ ಅಂಶ ಉಳಿದಿರುವುದರಿಂದ ಸೆಕೆಗೆ ಅದು ಮತ್ತೆ ಎಚ್ಚರಗೊಳ್ಳಬಹುದು. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಕುಪ್ಪಿಗಳಿಗೆ ಎರಡು ಬೆರಳು ಜಾಗ ಬಿಟ್ಟು ತುಂಬಿ, ಒಂದರ ಬಾಯಿಗೆ ಮಕ್ಕಳ ಬೆಲೂನು ಸಿಕ್ಕಿಸಿ, ಉಳಿದವಕ್ಕೆ ಬಟ್ಟೆ ಕಟ್ಟುತ್ತೇವೆ. ಬೆಲೂನು ಉಬ್ಬಿದರೆ ಕಾಯುವುದು. ಒಂದು ತಿಂಗಳು ಜೋತುಬಿದ್ದೇ ಇದ್ದರೆ ಮುಚ್ಚಳ ಹಾಕುವುದು. ಆಗಲೂ ಕುಪ್ಪಿಗಳಿಗೆ ಜಾಗ ನೆಲಮಟ್ಟದ ತಂಪು ಪೆಟ್ಟಿಗೆಯೇ ಹೊರತು ಎತ್ತರದ ಗೂಡಲ್ಲ. ಅದರಲ್ಲಿ ಮದ್ಯಾಂಶ ಇರುವುದರಿಂದ, ಮದ್ದೆಂಬ ಹೆಸರಿನಲ್ಲಿ ಮಕ್ಕಳಿಗೆ ಕುಡಿಸುವುದೂ ಇಲ್ಲ.

ಕಳೆದ ವರ್ಷ ಆರನೆಯ ತರಗತಿಯಲ್ಲಿ ಯೀಸ್ಟ್ ಮತ್ತು ಬೆಲೂನಿನ ಪ್ರಯೋಗ ಮಾಡಿಸಿದ ದಿನ, ಮುಖ್ಯೋಪಾಧ್ಯಾಯರಾದ ನಾವು ಮಕ್ಕಳೆದುರು ಈ ಕತೆಯನ್ನು, ಲೋಟದ ಸುಳ್ಳನ್ನೂ ಸೇರಿಸಿ, ಹೇಳಿದೆವು. ಮಕ್ಕಳು ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ನಿಮ್ಮ ಮಗಳಿಗೆ ಆಮೇಲೆ ಹೇಳಿದಿರಾ ಸರ್?” ಎಂದು ಕೇಳಿದಳು.

ಹೇಳಿರಲಿಲ್ಲ. ಆ ರಾತ್ರಿಯೇ ಮಗಳಿಗೆ ದೂರವಾಣಿ ಮಾಡಿ, ನಮ್ಮಿಂದ ತಪ್ಪಾಯಿತೆಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಗಾಯ ನೆನಪಿಲ್ಲ ಅಪ್ಪಾ, ಲೋಟ ಮಾತ್ರ ನೆನಪಿದೆ” ಎಂದಳು. ಈ ಸಂಕ್ರಾಂತಿಗೆ ಬಂದವಳು ತಾನೇ ಬೆಲ್ಲ ಜಜ್ಜಿದಳು. ಅಮ್ಮ ಇಲ್ಲದ ಮನೆಯಲ್ಲಿ, ಅಮ್ಮ ಬರೆಯುತ್ತಿದ್ದಂತೆಯೇ ಭರಣಿಯ ಹೊಟ್ಟೆಯ ಮೇಲೆ ಸುಣ್ಣದಿಂದ ಎರಡು ತಾರೀಕು ಬರೆದಳು. ಹಾಕಿದ ದಿನದ್ದೊಂದು, ಬಿಚ್ಚುವ ದಿನದ್ದೊಂದು.